ಅಥಣಿ ಉತ್ತರಿಸುತ್ತಿಲ್ಲ

ತಿಕೋಟಾದ ಕೋಲ್ಡ್ ಸ್ಟೋರೇಜಿನಲ್ಲಿ ನನ್ನ ಟೇಬಲ್ಲು
ತೂಕದ ಕಾಟಾದ ಪಕ್ಕ. ಲಾರಿ ಬಂದಾಗೊಮ್ಮೆ
ಕೀಬೋರ್ಡಿನ ಮೇಲೆ ಮಣೂಕದ ಸಿಹಿ ಧೂಳು.
ಸ್ಪೇಸ್ ಬಾರ್ ಅಂಟುತ್ತದೆ. ಒರೆಸುತ್ತೇನೆ, ಮತ್ತೆ ಅಂಟುತ್ತದೆ.

ಲೆಕ್ಕ ಈಗ ಒಂದೇ ಊರಿನಲ್ಲಿಲ್ಲ.
ಇಲ್ಲೊಂದು ಮಷೀನು, ಜಮಖಂಡಿಯಲ್ಲೊಂದು, ಅಥಣಿಯಲ್ಲೊಂದು;
ಮೂರೂ ಕಡೆ ಕರೆಂಟು ಒಟ್ಟಿಗೇ ಹೋಗಲಾರದೆಂಬ
ನಂಬಿಕೆಯ ಮೇಲೆ ನಿಂತ ಮನೆ.
ಬರೆದದ್ದು ಮೂರರಲ್ಲೂ ಇಳಿಯುತ್ತದೆ, ಆದರೆ ಒಮ್ಮೆಗೇ ಅಲ್ಲ:
ತವರಿನ ಸುದ್ದಿ ಮೂವರು ಅಕ್ಕತಂಗಿಯರಿಗೆ
ಬೇರೆ ಬೇರೆ ಬಸ್ಸು ಹತ್ತಿ ಹೋದ ಹಾಗೆ.

ಕೇಳುವುದು ಯಾವ ಬಾಗಿಲಿಂದ?
“ನೀನ ಆರಿಸವಾ” ಅಂದರು ಮಾಲಕರು, ಚನಮಲ್ಲಪ್ಪ ಬಿರಾದಾರ,
ಚಪ್ಪಲಿ ಆರಿಸು ಅಂದಷ್ಟು ಹಗುರವಾಗಿ.

ವಾರವಿಡೀ ನನ್ನ ಮುಂದೆ ಎರಡು ಕ್ಲೈಂಟು.
ಒಂದು ಮಾತುಬಲ್ಲದ್ದು. ಕೇಳಿದ್ದಕ್ಕೆ ಇಲ್ಲ ಅನ್ನದು.
ಲೈನು ಹೋದರೆ ತಾನೇ ಮತ್ತೊಮ್ಮೆ, ಮಗದೊಮ್ಮೆ ಕದ ಬಡಿದು,
ಯಾರೂ ತೆರೆಯದಿದ್ದರೆ
ಮೊನ್ನೆಯ ಉತ್ತರವನ್ನೇ ತೊಳೆದು ಇಸ್ತ್ರಿ ಮಾಡಿ
ಇವತ್ತಿನದೆಂದು ಮುಂದಿಡುತ್ತದೆ.
ಹಸಿರು ಬಟನ್ನು, ದುಂಡು ಅಂಚು;
ಇಮ್ತಿಯಾಜನ ಮನಸ್ಸು ಅಲ್ಲೇ ಕೂತುಬಿಟ್ಟಿತು.

ಇನ್ನೊಂದು ಒರಟು. ಕಪ್ಪು ಪರದೆ.
ಯಾರ ಖಾತೆ, ಯಾವ ಕೀಲಿ, ಎಷ್ಟು ಜನರ ಸಾಕ್ಷಿ
ಎಲ್ಲ ನಾನೇ ಬಿಡಿಸಿ ಹೇಳಬೇಕು.
ಒಂದು ಅಲ್ಪವಿರಾಮ ತಪ್ಪಿತೋ
ಟಿಕೆಟ್ಟಿಲ್ಲದವನನ್ನು ಕಂಡಕ್ಟರ್ ಇಳಿಸುವ ಹಾಗೆ
ನಡುದಾರಿಯಲ್ಲಿ ಇಳಿಸಿ ಹೋಗುತ್ತದೆ.

ಬುಧವಾರ ಶಾವಂತ್ರೆವ್ವ ತೇಲಿ ಬಂದಳು.
ಸೆರಗಿನ ಗಂಟು ಬಿಚ್ಚಿ ಚೀಟಿ ತೆಗೆದು:
“ನಲವತ್ತೆರಡ ಬಾಕ್ಸ್ ಇಟ್ಟಿದ್ದೆ, ಸೋಮಾರ ಹದಿನೈದ ಒಯ್ದೀನಿ.
ರಂಜಾನ್ ರೇಟ್ ಬಂದೈತಿ.
ಉಳದಾವು ಎಟ್ಟ ಅನ್ನೂದು ನಿನ್ನ ಬಾಯಾಗ ಕೇಳ್ತೀನಿ, ಹೇಳ ತಂಗಿ.”

ಚಂದದ ಬಾಗಿಲು ತೆರೆದೆ. ನಲವತ್ತೆರಡು.
ಕಣ್ಣು ಮುಚ್ಚಿ ತೆರೆಯುವುದರೊಳಗೆ, ಪಕ್ಕಕ್ಕೆ ಹಸಿರು ಗುರುತು.
ಅವಳು ಪರದೆಯನ್ನಲ್ಲ, ನನ್ನನ್ನು ನೋಡಿದಳು:
“ಒಯ್ದದ್ದು ಹೊಳ್ಳಿ ಬಂತೇನ?
ಭಾಳ ಧಾರಾಳ ಐತಿ ಬಿಡ ನಿಮ್ಮ ಮಷೀನ.”

ಸೋಮವಾರ ಇಲ್ಲಿ ಯುಪಿಎಸ್ ಸತ್ತಿತ್ತು.
ಮೊಬೈಲಿನಿಂದ ಬರೆದಿದ್ದೆ ನಾನೇ; ಮರೆತಿದ್ದೆ.
ಹದಿನೈದು ಹೋದ ಸುದ್ದಿ ಆ ಎರಡು ಊರಿಗೆ ಮುಟ್ಟಿ
ಪೆಟ್ಟಿಗೆ ಇರುವ ಊರಿಗೇ ಮುಟ್ಟಿರಲಿಲ್ಲ.

ಒರಟನ್ನು ಕೇಳಿದೆ: ಮೂರರಲ್ಲಿ ಇಬ್ಬರ ಸಾಕ್ಷಿ ಬೇಕು.
ತಡೆಯಿತು. ಕರ್ಸರ್ ಮಿಟುಕಿಸಿತು.
ಅಷ್ಟರಲ್ಲಿ ಹಮಾಲ ಗದಿಗೆಪ್ಪ ಕಾಟಾದಿಂದ ಮೂರು ಬಾಕ್ಸು ಇಳಿಸಿ
ಟವೆಲಿನಿಂದ ಕುತ್ತಿಗೆ ಒರೆಸಿಕೊಂಡಿದ್ದ.

ತಿಕೋಟಾ ನಲವತ್ತೆರಡು, ಹಳೆಯದು.
ಜಮಖಂಡಿ ಇಪ್ಪತ್ತೇಳು, ಹೊಸದು.
ಅಥಣಿ ಉತ್ತರಿಸುತ್ತಿಲ್ಲ.

“ಇಪ್ಪತ್ತೇಳು, ಬರೋಬ್ಬರಿ,” ಅಂದಳು ಶಾವಂತ್ರೆವ್ವ.
ಆಮೇಲೆ, ಏಳಲು ಮೊಣಕಾಲಿಗೆ ಕೈಕೊಟ್ಟು,
“ಅಥಣಿಗೆ ಏನಾಗೈತಿ?”
ಗೊತ್ತಿಲ್ರಿ, ಅಂದೆ.
ನೆಂಟರ ಮನೆಯವರು ಫೋನು ಎತ್ತದಿದ್ದಾಗ ಹಾಕುವಂಥ
ಒಂದು ಮುಖ ಹಾಕಿ ಹೋದಳು.

ಮಾಲಕರಿಗೆ ಹೇಳಿದೆ, ಕಪ್ಪಂದು.
“ಛಂದ ಇಲ್ಲಲ್ಲ?” ಇಲ್ರಿ. “ಲಗೂನೂ ಇಲ್ಲಲ್ಲ?” ಇಲ್ರಿ.
ಅವರು ಇನ್ನೇನನ್ನೋ ಕೇಳಲು ಹೊರಟು
ಲಾರಿಯ ಹಾರ್ನಿಗೆ ಎದ್ದು ಹೋದರು.
ಇಮ್ತಿಯಾಜ ಚಹಾಕ್ಕೆ ಕರೆಯಲಿಲ್ಲ ಎರಡು ದಿನ.

ಅಂದು ರಾತ್ರಿ ಎಂಟಕ್ಕೆ ಅಥಣಿ ಬಂತು.
ಎಲ್ಲಿ ಹೋಗಿತ್ತು, ಯಾಕೆ, ಏನೂ ಇಲ್ಲ; ಒಂದೇ ಸಾಲು, ಇಪ್ಪತ್ತೇಳು.
ಅಷ್ಟರಲ್ಲಿ ನನ್ನ ಕಾಲ ಬಳಿಯ ಮಷೀನೂ
ತನ್ನ ನಲವತ್ತೆರಡನ್ನು ಸದ್ದಿಲ್ಲದೆ ತಿದ್ದಿಕೊಂಡಿತ್ತು.
ಬೀಗ ಹಾಕುವ ಮುನ್ನ ಸ್ಪೇಸ್ ಬಾರ್ ಒರೆಸಿದೆ.
ಬೆರಳಿಗೆ ಹತ್ತಿದ್ದನ್ನು, ಯಾರೂ ಇಲ್ಲವೆಂದು, ನೆಕ್ಕಿದೆ.